ಜಪಾನಿನ ಕತ್ತಿಯೂ ಅಮ್ಮನ ಹುಣಸೆಹುಳಿಯೂ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಗೆ ಊಟಕ್ಕೆ ಹೋದರೂ ಅಡುಗೆಮನೆಯಲ್ಲಿ ಚಾಕು ಕಣ್ಣಿಗೆ ಬಿದ್ದರೆ ಸಾಕು, ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ, ಟ್ಯೂಬ್‌ಲೈಟಿನ ಕೆಳಗೆ ಮೆಲ್ಲಗೆ ವಾಲಿಸಿ ನೋಡುತ್ತೇನೆ. ಅಂಚಿನಲ್ಲಿ ಏನಾದರೂ ಗೆರೆ ಓಡುತ್ತಿದೆಯೇ, ಅಲೆ ಎದ್ದಿದೆಯೇ ಎಂದು ಹುಡುಕುತ್ತೇನೆ. ಇರುವುದಿಲ್ಲ. ಈರುಳ್ಳಿ ಹೆಚ್ಚಲು ಸೂಪರ್ ಮಾರ್ಕೆಟ್ಟಿನಿಂದ ತಂದ ಚಾಕುವಿನಲ್ಲಿ ಹೆಚ್ಚೆಂದರೆ ನಿನ್ನೆಯ ಟೊಮೆಟೊ ಸಿಪ್ಪೆ ಇದ್ದೀತು. ಮೊನ್ನೆ ಇಲ್ಲಿ ಕುವೈತಿನ ಸಾಲ್ಮಿಯಾದ ಗೆಳೆಯರೊಬ್ಬರ ಮನೆಯಲ್ಲಿ ಹೀಗೆ ನಿಂತಿದ್ದಾಗ ಆ ಮನೆಯಾಕೆ ಮುಖ ಸಣ್ಣದು ಮಾಡಿಕೊಂಡು, "ಅಣ್ಣಾ, ಅದು ತೊಳೆದದ್ದೇ" ಎಂದರು. ನನ್ನ ಹೆಂಡತಿ ವಿನಯಾ ನಡುವೆ ಬಂದು, "ಕೊಳೆ ನೋಡುವುದಲ್ಲ ಅಕ್ಕಾ. ಇವರು ಚಾಕುವಿನ ಜಾತಕ ನೋಡುವುದು" ಎಂದು ಸಮಾಧಾನ ಮಾಡಿದಳು.

ಇಷ್ಟಾಗಿ ನಾನೇನೂ ಶೂರರ ವಂಶದವನಲ್ಲ. ಹೊಟ್ಟೆಪಾಡಿಗಾಗಿ ಸ್ಟೇಪ್ಲರಿಗಿಂತ ಹರಿತವಾದ ಯಾವುದನ್ನೂ ಕೈಯಲ್ಲಿ ಹಿಡಿದವನಲ್ಲ. ಶುವೈಖ್‌ನಲ್ಲಿ ಜಪಾನಿ ಕಾರುಗಳ ಬಿಡಿಭಾಗ ಮಾರುವ ಒಂದು ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ಗುಮಾಸ್ತ ನಾನು. ಈ ಚಾಕು ನೋಡುವ ಹುಚ್ಚು ಹತ್ತಿಸಿದವರು ನಮ್ಮ ಮಾಲೀಕರಾದ ಬೂ ಸಾಲಿಂ. ಸಾಲಿಂ ಎಂಬ ಮಗನ ತಂದೆಯಾದ್ದರಿಂದ ಊರಿಗೆಲ್ಲ ಬೂ ಸಾಲಿಂ. ನಿಜವಾದ ಹೆಸರು ಅವರ ಪಾಸ್‌ಪೋರ್ಟಿಗೆ ಮಾತ್ರ ಬೇಕು. ಎಪ್ಪತ್ತು ದಾಟಿದ ಮನುಷ್ಯ. ಅರಬಿ, ಇಂಗ್ಲಿಷು ಮತ್ತು ಎಳೆವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಬಂದು ಕಲಿತ ಹಿಂದಿ, ಮೂರನ್ನೂ ಕಲಸಿ ಮಾತಾಡುತ್ತಾರೆ. ನಕಲಿ ಮಾಲು ಹಿಡಿಯುವುದರಲ್ಲಿ ಶುವೈಖ್‌ನಲ್ಲೆಲ್ಲ ಅವರಿಗೆ ಹೆಸರಿದೆ. ಬ್ರೇಕ್ ಪ್ಯಾಡಿನ ಮೇಲೆ ಹೆಬ್ಬೆರಳು ಒಮ್ಮೆ ಆಡಿಸಿ, ಡಬ್ಬಿಯ ಕಡೆ ನೋಡದೆಯೇ, "ಯಲ್ಲಾ, ವಾಪಸ್" ಎಂದುಬಿಡುತ್ತಾರೆ. ತಪ್ಪಿದ್ದನ್ನು ನಾನು ಕಂಡಿಲ್ಲ.

ಅವರ ದಿವಾನಿಯಾದಲ್ಲಿ, ಅಂದರೆ ಮನೆಗೆ ತಾಗಿಕೊಂಡು ಗಂಡಸರು ಸಂಜೆ ಕೂತು ಹರಟುವ ಉದ್ದನೆಯ ಕೋಣೆಯಲ್ಲಿ, ಗೋಡೆಯ ಮೇಲೆ ಒಂದು ಜಪಾನಿ ಕತ್ತಿ ಇತ್ತು. ಒಸಾಕಾದ ಹಯಾಶಿ ಎಂಬ ವ್ಯಾಪಾರಿ ಕೊಟ್ಟದ್ದು. ಇವರಿಗೆ ಜಪಾನಿ ಬಾರದು, ಅವರಿಗೆ ಅರಬಿ ಬಾರದು. ಇಂಗ್ಲಿಷು ಇಬ್ಬರದೂ ಅಷ್ಟಕ್ಕಷ್ಟೆ. ಆದರೂ ವರ್ಷಕ್ಕೊಮ್ಮೆ ಒಸಾಕಾದಲ್ಲಿ ಎದುರುಬದುರು ಕೂತು ಗಂಟೆಗಟ್ಟಲೆ ಚಹಾ ಕುಡಿಯುತ್ತಿದ್ದರಂತೆ. ಕೊಲ್ಲಿ ಯುದ್ಧ ಮುಗಿದು, ದೋಚಿಹೋದ ಅಂಗಡಿಯ ಬಾಗಿಲನ್ನು ಬೂ ಸಾಲಿಂ ಮತ್ತೆ ತೆರೆದ ಮೇಲೆ ಹೊರದೇಶದಿಂದ ಬಂದ ಮೊದಲ ಫೋನು ಹಯಾಶಿಯದು. ಆರ್ಡರು ಕೇಳಲಿಲ್ಲ, ಸಾಲಿಂ ಹೇಗಿದ್ದಾನೆ ಎಂದು ಕೇಳಿದರು. ಆಮೇಲೆ ಇವರು ಒಸಾಕಾಕ್ಕೆ ಹೋದಾಗ ಹಯಾಶಿ ಎರಡೂ ಕೈಯಲ್ಲಿ ಈ ಕತ್ತಿಯನ್ನು ಹಿಡಿದು, ಬಗ್ಗಿ, ಕೊಟ್ಟರಂತೆ. ಹಯಾಶಿ ತೀರಿಹೋಗಿ ಎಷ್ಟೋ ಕಾಲವಾಗಿದೆ. ಅವರ ಮಾತು ಬಂದಾಗಲೆಲ್ಲ ಬೂ ಸಾಲಿಂ ಇವತ್ತಿಗೂ ತಲೆಯ ಮೇಲಿನ ಬಟ್ಟೆಯನ್ನು ಸರಿಮಾಡಿಕೊಳ್ಳುತ್ತಾರೆ.

ಕತ್ತಿ ಎಂದರೆ ನೀವು ಕ್ಯಾಲೆಂಡರಿನ ವೀರರ ಕತ್ತಿಯನ್ನು ನೆನೆಸಿಕೊಳ್ಳಬೇಡಿ. ಇದು ಗಿಡ್ಡದು, ಮೊಳಕ್ಕಿಂತ ಸ್ವಲ್ಪ ಉದ್ದ. ಆಕಾರವೂ ವಿಚಿತ್ರ. ಹಿಡಿಯ ಹತ್ತಿರ ದಪ್ಪಗಿದ್ದ ಬೆನ್ನು ನಡುವೆ ತೆಳ್ಳಗಾಗಿ, ತುದಿಗೆ ಬಂದಾಗ ಮತ್ತೆ ದಪ್ಪವಾಗುತ್ತದೆ. ಜಪಾನಿನವರು ಈ ಆಕಾರವನ್ನು ನೀರುಕಾಗೆಯ ಕೊರಳು ಎನ್ನುತ್ತಾರಂತೆ. ಅದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ನಮ್ಮ ಮೂಲ್ಕಿಯ ಮನೆಯಲ್ಲಿ ಮೀನು ಕೊಯ್ಯುವ ಮೆಟ್ಟುಕತ್ತಿಯದು ಇನ್ನೂ ವಿಚಿತ್ರವಾದ ಡೊಂಕು. ಕಾಲಲ್ಲಿ ಮೆಟ್ಟಿ ಕೂತರೆ ಅದು ಎದುರಿಗೆ ಹೆಡೆ ಎತ್ತಿ ನಿಲ್ಲುತ್ತಿತ್ತು. ಆ ಡೊಂಕಿಗೊಂದು ಹೆಸರಿಡಬೇಕೆಂದು ನಮ್ಮ ಪೈಕಿ ಯಾರಿಗೂ ತೋಚಲಿಲ್ಲ. ಜಪಾನಿನವರು ಪ್ರತಿ ಬಾಗಿಗೂ ನಾಮಕರಣ ಮಾಡಿದ್ದಾರೆ. ಒಂದು ಕತ್ತಿಯ ಆಕಾರಕ್ಕೆ ಹೂವಿನ ಗಿಡದ ಎಲೆಯ ಹೆಸರು. ಇನ್ನೊಂದು ತುದಿಯಲ್ಲಿ ಮಾತ್ರ ಎರಡೂ ಕಡೆ ಹರಿತ, ಅದಕ್ಕೂ ಬೇರೆಯದೇ ಹೆಸರು.

ಆದರೆ ಬೂ ಸಾಲಿಂ ತೋರಿಸುತ್ತಿದ್ದದ್ದು ಆಕಾರಕ್ಕಿಂತ ಹೆಚ್ಚಾಗಿ ಅಂಚಿನ ಚಿತ್ತಾರ. ಅಲಗನ್ನು ದೀಪಕ್ಕೆ ವಾಲಿಸಿದರೆ ಬಾಯಿಯುದ್ದಕ್ಕೂ ಮಂಜಿನಂಥ ಬಿಳಿ ಗೆರೆ, ಮೊಗ್ಗು ಮೊಗ್ಗಾಗಿ. ಚಹಾದ ತಟ್ಟೆಯಿಂದ ಒಂದು ಲವಂಗ ಎತ್ತಿ ಅಲಗಿನ ಪಕ್ಕ ಇಟ್ಟು ತೋರಿಸುತ್ತಿದ್ದರು. "ನೋಡು ಸುಧಾಕರ್, ಲವಂಗದ ಮೊಗ್ಗು. ಇಡೀ ಕತ್ತಿ ಗಟ್ಟಿಯಾದರೆ ಗಾಜಿನ ಹಾಗೆ ಒಡೆಯುತ್ತದೆ. ಇಡೀ ಕತ್ತಿ ಮೆದುವಾದರೆ ಬಾಗುತ್ತದೆ. ಅದಕ್ಕೆ ಕಮ್ಮಾರ ಏನು ಮಾಡುತ್ತಾನೆ? ಬೆನ್ನಿಗೆ ಜೇಡಿಮಣ್ಣು ದಪ್ಪ ಬಳಿಯುತ್ತಾನೆ, ಬಾಯಿಗೆ ತೆಳ್ಳಗೆ. ಬೆಂಕಿಯಲ್ಲಿ ಕೆಂಪಾದ ಮೇಲೆ ನೀರಿಗೆ. ಬಾಯಿ ಬೇಗ ತಣಿದು ಗಟ್ಟಿ, ಬೆನ್ನು ನಿಧಾನಕ್ಕೆ ತಣಿದು ಮೆದು. ಎರಡೂ ಕೂಡುವ ಗಡಿಯೇ ಈ ಗೆರೆ." ಮಣ್ಣು ಬಳಿಯುವ ಕೈ ಹೇಗೋ ಚಿತ್ತಾರ ಹಾಗೆ. ಕೆಲವರದು ನೆಟ್ಟಗಿನ ಗೆರೆ, ಕೆಲವರದು ಸಮುದ್ರದ ಅಲೆ, ಕೆಲವರದು ಮೂರು ಮೂರು ಮರ ಒಟ್ಟಿಗೆ ನಿಂತ ಹಾಗೆ. ಬಿದಿರ ಪರದೆಯಂತೆ ಗೆರೆ ಮೇಲೆ ಗೆರೆ ಎಳೆದವರೂ ಇದ್ದಾರಂತೆ. ಕಟ್ಟಿಗೆಯ ಒಲೆಯ ಮೇಲೆ ಏರಿಸುವ ಮೊದಲು ಅಮ್ಮ ಪಾತ್ರೆಯ ತಳಕ್ಕೆ ಮಣ್ಣು ಬಳಿಯುತ್ತಿದ್ದದ್ದು ನನಗೆ ನೆನಪಾಗುತ್ತಿತ್ತು. ಅವಳ ಉದ್ದೇಶ ಮಸಿ ಬೇಗ ಬಿಡಲಿ ಎಂಬುದಷ್ಟೇ.

ಅಮ್ಮನ ಮಾತು ಬಂತು, ಅವಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮಪ್ಪ ದರ್ಜಿ. ಬಟ್ಟೆ ಕತ್ತರಿಸುವ ಅವರ ದೊಡ್ಡ ಕತ್ತರಿಯನ್ನು ನಾವು ಮಕ್ಕಳು ಮುಟ್ಟುವಂತಿರಲಿಲ್ಲ. ಕಾಗದ ಕತ್ತರಿಸಿದರೆ ಕತ್ತರಿಯ ಬಾಯಿ ಸಾಯುತ್ತದೆ ಎನ್ನುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ಆ ಕತ್ತರಿ ಅಪ್ಪನ ಕೈಯಿಂದ ಅಮ್ಮನ ಕೈಗೆ ಹೋಗುತ್ತಿತ್ತು. ಬಾವಿಕಟ್ಟೆಯಲ್ಲಿ ಕೂತು ಹುಣಸೆಹುಳಿ, ಬೂದಿ, ತೆಂಗಿನ ನಾರು ಹಾಕಿ ಅವಳು ತಿಕ್ಕತೊಡಗಿದರೆ ವರ್ಷದ ಜಿಡ್ಡೆಲ್ಲ ಹೋಗಿ ಕತ್ತರಿ ಹೊಸದಾಗುತ್ತಿತ್ತು. ಹೊಲಿಗೆ ಯಂತ್ರ, ಮೆಟ್ಟುಕತ್ತಿ, ನನ್ನ ಕಂಪಾಸು ಪೆಟ್ಟಿಗೆ, ಎಲ್ಲದಕ್ಕೂ ಅದೇ ಮರ್ಯಾದೆ. ಅವಳ ಕೈಗೆ ಹೋದ ವಸ್ತು ಹೊಳೆಯದೆ ವಾಪಸ್ಸು ಬಂದದ್ದಿಲ್ಲ.

ವಿಸಿಟ್ ವೀಸಾದಲ್ಲಿ ಕುವೈತಿಗೆ ಬಂದ ಅಮ್ಮ ಫಿಂಟಾಸಿನ ನಮ್ಮ ಫ್ಲ್ಯಾಟಿನಲ್ಲಿ ಮಾಡಿದ ಮೊದಲ ಕೆಲಸವೆಂದರೆ, ದೋಸೆ ಅಂಟದ ಹಾಗೆ ಕಪ್ಪು ಲೇಪ ಹಾಕಿದ ಕಾವಲಿಯನ್ನು ಹುಣಸೆಹುಳಿ ಹಾಕಿ ಬೆಳ್ಳಗೆ ಮಾಡಿದ್ದು. "ಎಂತ ಮಾರಾಯ್ತಿ, ಇಷ್ಟು ಮಸಿ ಹಿಡಿಯುವವರೆಗೆ ಬಿಟ್ಟಿದ್ದೀ" ಎಂದು ವಿನಯಾಳಿಗೆ ಬುದ್ಧಿಯನ್ನೂ ಹೇಳಿದಳು. ನಮ್ಮ ಮನೆಮಾತು ತುಳು, ನಿಮಗಾಗಿ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ವಿನಯಾ ಆಸ್ಪತ್ರೆಯಲ್ಲಿ ನರ್ಸು, ಎಂಥೆಂಥವರನ್ನೋ ಸಂಭಾಳಿಸಿದವಳು. "ಹೌದು ಅತ್ತೆ, ಪುರಸೊತ್ತೇ ಆಗಲಿಲ್ಲ" ಎಂದಳು. ಅಂದಿನಿಂದ ನಮ್ಮ ದೋಸೆ ಕಾವಲಿಯನ್ನು ಬಿಟ್ಟು ಏಳುತ್ತಿಲ್ಲ.

ಅದೇ ಸಮಯಕ್ಕೆ ಬೂ ಸಾಲಿಂ ತಮ್ಮ ದಿವಾನಿಯಾದ ಛಾವಣಿ ರಿಪೇರಿಗೆ ಹಾಕಿದರು. ಒಳಗೆ ಜನ ಓಡಾಡುತ್ತಾರೆ, ಮನೆಯೊಳಗಿಟ್ಟರೆ ಮೊಮ್ಮಕ್ಕಳ ಕೈಗೆ ಸಿಗುತ್ತದೆ ಎಂದು ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿತ್ತರು. "ನಿನ್ನ ಮನೆಯಲ್ಲಿ ಇರಲಿ. ಅಲ್ಲಿ ಯಾರೂ ಮುಟ್ಟುವುದಿಲ್ಲ" ಎಂದರು. ನಾನೂ ಜಂಬದಿಂದ ತಂದು ಕಪಾಟಿನ ತಲೆಯ ಮೇಲೆ ಇಟ್ಟೆ.

ಮುಂದಿನದನ್ನು ನೀವು ಊಹಿಸಿರಬಹುದು. ಆಯುಧಪೂಜೆ ಬಂತು. ಇಲ್ಲಿ ಅದಕ್ಕೆಲ್ಲಿಯ ರಜೆ? ನಾನು ಕಚೇರಿಗೆ, ವಿನಯಾ ಡ್ಯೂಟಿಗೆ. ಸಂಜೆ ಬಂದು ಬಾಗಿಲು ತೆರೆದರೆ ಹಾಲಿನಲ್ಲಿ ಬೆಳ್ಳನೆಯ ಬಟ್ಟೆ ಹಾಸಿ ಅಮ್ಮ ಎಲ್ಲವನ್ನೂ ಸಾಲಾಗಿ ಇಟ್ಟಿದ್ದಳು. ಕಾರಿನ ಜಾಕು, ಸ್ಪ್ಯಾನರು, ಪಿಜ್ಜಾ ಕತ್ತರಿಸುವ ಚಕ್ರ, ಉಗುರುಕತ್ತರಿ, ವಿನಯಾಳ ಸ್ಟೆತಾಸ್ಕೋಪು. ನಡುವೆ ದೊಡ್ಡಣ್ಣನಂತೆ ಜಪಾನಿನ ಕತ್ತಿ, ಮೈಮೇಲೆ ಮೂರು ಕುಂಕುಮದ ಬೊಟ್ಟು, ಪಕ್ಕದಲ್ಲಿ ಸೇವಂತಿಗೆ. ಹೊಳೆಯುತ್ತಿತ್ತು. ನಾನು ಎತ್ತಿ ಬೆಳಕಿಗೆ ವಾಲಿಸಿದೆ. ಲವಂಗ ಇರಲಿಲ್ಲ. ಇನ್ನೊಂದು ಮಗ್ಗುಲಿಗೆ ತಿರುಗಿಸಿದೆ. ಅಲ್ಲೂ ಇರಲಿಲ್ಲ. ಊಟದ ಸ್ಟೀಲು ತಟ್ಟೆಯ ಹಾಗೆ ಒಂದೇ ಸಮ ಬೆಳ್ಳಗಿತ್ತು.

"ಅದರ ಬಾಯಿಯುದ್ದಕ್ಕೂ ಎಂಥದೋ ಬಿಳಿ ಬಿಳಿ ಕಲೆ ಇತ್ತು ಮಗಾ" ಎಂದಳು ಅಮ್ಮ, ಮೆಚ್ಚುಗೆಗೆ ಕಾಯುತ್ತ. "ಹುಳಿಗೆ ಬಗ್ಗಲಿಲ್ಲ. ಮತ್ತೆ ಪಾತ್ರೆ ತಿಕ್ಕುವ ಪುಡಿ, ತೆಂಗಿನಕಾಯಿಯ ಜುಟ್ಟು ಹಾಕಿ ಉಜ್ಜಿದೆ. ಕಡೆಗೂ ಹೋಯಿತು."

ನಾನು ಕತ್ತಿಯನ್ನು ಸೇವಂತಿಗೆಯ ಪಕ್ಕಕ್ಕೆ ವಾಪಸ್ಸು ಇಟ್ಟು, ಸೋಫಾದಲ್ಲಿ ಕುಸಿದು ಕೂತೆ. ಆ ಕಲೆಯೇ ಕತ್ತಿಯ ಜೀವ ಎಂದು ವಿನಯಾ ಬಂದ ಮೇಲೆ ಅಮ್ಮನಿಗೆ ಮೆಲ್ಲಗೆ ತಿಳಿಸಿ ಹೇಳಿದಳು. ಮರುದಿನ ಬೆಳಗ್ಗೆ ನೋಡಿದರೆ ಚಹಾ ಕುಡಿದ ಲೋಟ ಅಮ್ಮನ ಪಕ್ಕದಲ್ಲೇ ಇತ್ತು. ಕುಡಿದ ಲೋಟವನ್ನು ಆ ಕ್ಷಣವೇ ತೊಳೆದಿಡುವ ಹೆಂಗಸು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಕಡೆ ನೋಡುತ್ತ ಕೂತಿದ್ದಳು. "ಇನ್ನು ನಾನು ಎಂತದನ್ನೂ ಮುಟ್ಟುವುದಿಲ್ಲ" ಎಂದಳು. ನನಗೆ ಕತ್ತಿ ಹೋದದ್ದಕ್ಕಿಂತ ಅದೇ ಹೆಚ್ಚು ಸಂಕಟವಾಯಿತು. ಮಾಲೀಕರಿಗೆ ಹೇಗಾದರೂ ಉತ್ತರ ಹೇಳಬಹುದು. ಆ ಕೈಗಳಿಗೆ ಏನು ಹೇಳುವುದು?

ಕಚೇರಿಯಲ್ಲಿ ಕೂತು, ಕೆಲಸ ಪಕ್ಕಕ್ಕಿಟ್ಟು, ಮಾಸಿದ ಕತ್ತಿಯನ್ನು ಸರಿಪಡಿಸುವುದು ಹೇಗೆ ಎಂದು ಕಂಪ್ಯೂಟರಿನಲ್ಲಿ ಹುಡುಕಿದೆ. ಓದುತ್ತ ಹೋದಂತೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ. ನಿಜವಾಗಿ ಹದ ಹಾಕಿದ ಕತ್ತಿಯ ಚಿತ್ತಾರ ಮೇಲಿನದಲ್ಲ, ಉಕ್ಕಿನ ಒಳಗಿನದು. ಒರಟಾಗಿ ಉಜ್ಜಿದರೆ ಗೀರು ಬೀಳುತ್ತದೆ, ಮಸುಕಾಗುತ್ತದೆ, ಆದರೆ ಹುಳಿ ತಾಗಿದರೆ ಮತ್ತೆ ಎದ್ದು ಕಾಣಬೇಕು. ಅಂಗಡಿಗಳಲ್ಲಿ ಮಾರುವ ತೋರಿಕೆಯ ಕತ್ತಿಗಳಲ್ಲಾದರೋ ಅದನ್ನು ಮೇಲಿಂದ ಆಸಿಡ್ಡಿನಲ್ಲೋ ತಂತಿಯ ಬ್ರಷ್ಷಿನಲ್ಲೋ ಬರೆದಿರುತ್ತಾರೆ. ಉಜ್ಜಿದರೆ ಹೋಗುವುದು ಅದು. ಮನೆಗೆ ಬಂದು ನಿಂಬೆಹುಳಿ ಹಚ್ಚಿ ಕಾದೆ. ಏನೂ ಏಳಲಿಲ್ಲ.

ಮೊದಲು ಕುಣಿಯುವಷ್ಟು ಖುಷಿಯಾಯಿತು. ಅಮ್ಮ ಏನನ್ನೂ ಹಾಳು ಮಾಡಿಲ್ಲ. ಹಾಳಾಗುವಂಥದ್ದು ಅಲ್ಲಿ ಇರಲೇ ಇಲ್ಲ. ಆ ಖುಷಿ ವಿನಯಾಳಿಗೆ ಹೇಳುವವರೆಗೆ ಮಾತ್ರ ಉಳಿಯಿತು. "ಹಾಗಾದರೆ ಆ ಹಯಾಶಿ?" ಎಂದಳು. "ಅವರು ಕೊಟ್ಟದ್ದು ಡೂಪ್ಲಿಕೇಟ್ ಅಂತ ನೀವು ಬೂ ಸಾಲಿಂಗೆ ಹೇಳ್ತೀರಾ? ಹೇಳಿದರೆ ಅವರ ಸ್ನೇಹಿತ ಇನ್ನೊಮ್ಮೆ ಸತ್ತ ಹಾಗೆ. ಹೇಳದಿದ್ದರೆ ಅತ್ತೆಯ ತಲೆಯ ಮೇಲೆ ಅಪವಾದ." ಅವಳು ಹೇಳಿದ್ದು ಸರಿ. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಬಹುದಿತ್ತು.

ಬದುಕಿರುವವರ ಕಷ್ಟ ಮೊದಲು ಎಂದುಕೊಂಡು ಅಮ್ಮನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು. ಹಯಾಶಿ ಫೋನು ಮಾಡಿದ ಕತೆಯನ್ನು ಇನ್ನೊಮ್ಮೆ ಹೇಳಿಸಿದಳು. ಆಮೇಲೆ, "ನಾಳೆ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋಗು" ಎಂದಳು. "ನಾನು ಉಜ್ಜಿದ್ದಕ್ಕೆ ಹೋಯಿತು ಅಂತ ಹೇಳು. ಬೇರೆ ಒಂದು ಅಕ್ಷರ ಹೇಳಬೇಡ."

"ಅಮ್ಮಾ, ನಿನ್ನ ತಪ್ಪೇ ಇಲ್ಲ ಅಂತ ಈಗ ತಾನೆ ಹೇಳಿದೆನಲ್ಲ."

"ಅದು ನನಗೆ ಗೊತ್ತಾಯಿತಲ್ಲ, ಅಷ್ಟು ಸಾಕು. ನಾನಾದರೆ ಇದ್ದೇನೆ, ಬೈದರೆ ಕೇಳಿಕೊಳ್ಳುತ್ತೇನೆ. ಆ ಸತ್ತ ಮನುಷ್ಯ ಎದ್ದು ಬಂದು ಎಂತ ಹೇಳ್ಲಿಕ್ಕುಂಟು?" ಎನ್ನುತ್ತ ಅಮ್ಮ ಎದ್ದು, ಸಿಂಕಿನಲ್ಲಿದ್ದ ಪಾತ್ರೆಗಳನ್ನು ತೊಳೆಯತೊಡಗಿದಳು.

ಬೂ ಸಾಲಿಂ ತಮ್ಮ ದಿವಾನಿಯಾದ ಹೊಸ ಛಾವಣಿಯ ಕೆಳಗೆ ಒಬ್ಬರೇ ಇದ್ದರು. ಅಮ್ಮನನ್ನು ಕಂಡು ಎದ್ದು ನಿಂತು, ಇಲ್ಲಿನ ರಿವಾಜಿನಂತೆ, "ಉಮ್ಮ್ ಸುಧಾಕರ್" ಎಂದು ಕರೆದು ಕೂರಿಸಿದರು. ಸುಧಾಕರನ ತಾಯಿ ಎಂದರ್ಥ. ಖರ್ಜೂರ, ಅರಬಿ ಕಾಫಿ ಕಹ್ವಾ ಬಂತು. ನಾನು, ನಮ್ಮಲ್ಲಿ ವರ್ಷಕ್ಕೊಮ್ಮೆ ಆಯುಧಗಳನ್ನು ತೊಳೆದು ದೇವರ ಮುಂದೆ ಇಡುವ ಪದ್ಧತಿಯಿದೆ ಎಂದು ಶುರುಮಾಡಿ, ಅಮ್ಮ ಹೇಳಿಕೊಟ್ಟಷ್ಟನ್ನೇ ಹೇಳಿ ನಿಲ್ಲಿಸಿದೆ. ಅಮ್ಮ ಕೈ ಮುಗಿದಳು.

ಅವರು ಕತ್ತಿಯನ್ನು ಬಟ್ಟೆಯಿಂದ ಬಿಚ್ಚಿದರು. ದೀಪಕ್ಕೆ ವಾಲಿಸಿದರು. ಅದರ ಬೆನ್ನಿನ ತೆಳ್ಳನೆಯ ಭಾಗದ ಮೇಲೆ ಹೆಬ್ಬೆರಳು ಆಡಿಸಿದರು. ಆ ಹೆಬ್ಬೆರಳನ್ನು ನೋಡುತ್ತಿದ್ದಂತೆ ನನಗೆ ಹೊಳೆಯಿತು. ಡಬ್ಬಿ ನೋಡದೆ ನಕಲಿ ಹಿಡಿಯುವ ಬೆರಳು ಇದು. ಇಷ್ಟು ವರ್ಷ ಈ ಕತ್ತಿಯನ್ನು ಸವರಿದೆ. ಇದಕ್ಕೆ ಗೊತ್ತಾಗದೆ ಇದ್ದೀತೇ?

"ಎಲ್ಲ ಹೋಯಿತಾ?" ಎಂದರು.

"ಎಲ್ಲ ಹೋಯಿತು, ಬೂ ಸಾಲಿಂ."

ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಭಾರ ಇಳಿಸಿದವರ ಹಾಗೆ ದಿಂಬಿಗೆ ಒರಗಿದರು. "ಸುಧಾಕರ್, ಇಲ್ಲಿಗೆ ಎಷ್ಟೋ ಜನ ಬರುತ್ತಾರೆ. ಕೆಲವರು ತಿಳಿದವರು. ಕನ್ನಡಕ ಹಾಕಿಕೊಂಡು ಹತ್ತಿರಕ್ಕೆ ಬರುತ್ತಾರೆ. ಯಾರಾದರೂ ಹಾಗೆ ಹತ್ತಿರ ಬಂದಾಗಲೆಲ್ಲ ನನಗೆ ಹೆದರಿಕೆ. ಬಾಯಿ ಬಿಟ್ಟು ಏನಾದರೂ ಅಂದುಬಿಟ್ಟರೆ? ಆ ವರ್ಷ ಹಯಾಶಿಯ ವ್ಯಾಪಾರ ಕೆಟ್ಟಿತ್ತು. ನನಗೆ ಗೊತ್ತಿತ್ತು. ಬರಿಗೈಯಲ್ಲಿ ಕಳಿಸಲು ಅವನಿಗೆ ಮನಸ್ಸು ಬರಲಿಲ್ಲ, ಅಷ್ಟೆ. ನಾನು ಇದನ್ನು ಕೈಗೆ ತಗೊಂಡ ಕೂಡಲೇ ತಿಳಿಯಿತು. ಅವನ ಕಣ್ಣು ನೋಡಿದೆ, ನನಗೆ ತಿಳಿದದ್ದು ಅವನಿಗೂ ತಿಳಿಯಿತು. ಇಬ್ಬರೂ ಚಹಾ ಕುಡಿದೆವು." ಕತ್ತಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತ, "ಇನ್ನು ನೋಡಲಿಕ್ಕೆ ಏನೂ ಇಲ್ಲ. ಖಲಾಸ್" ಎಂದರು.

"ಎಂತ ಹೇಳಿದರು?" ಎಂದು ಅಮ್ಮ ನನ್ನ ತೋಳು ತಿವಿದಳು. ಹೇಳಿದೆ. ಅಮ್ಮ ಅವರ ಕಡೆ ನೋಡಿದಳು, ಅವರು ಅಮ್ಮನ ಕಡೆ ನೋಡಿದರು. ಇಬ್ಬರೂ ಒಂದೇ ಸುಳ್ಳನ್ನು ಬೇರೆ ಬೇರೆ ದಾರಿಯಿಂದ ಹೊತ್ತು ತಂದವರು. ಅವರಿಬ್ಬರ ನಡುವೆ ಏನು ಹಾದುಹೋಯಿತೋ ತಿಳಿಯದು, ನನ್ನ ಕಣ್ಣಲ್ಲಿ ಮಾತ್ರ ನೀರು ಬಂತು.

"ಉಮ್ಮ್ ಸುಧಾಕರ್ ಹತ್ತಿರ ಒಂದು ಮಾತು ಕೇಳು" ಎಂದರು ಬೂ ಸಾಲಿಂ. "ಇದರಲ್ಲಿ ಚಿತ್ತಾರ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ, ಅವರು ತೊಳೆದರು ಎಂದು ಹೇಳಬಹುದಾ? ಅವರ ಒಪ್ಪಿಗೆ ಬೇಕು."

"ಹೇಳಲಿ ಮಗಾ, ಎಷ್ಟು ಬೇಕಾದರೂ ಹೇಳಲಿ" ಎಂದಳು ಅಮ್ಮ. "ಈ ಊರಲ್ಲಿ ನನಗೆ ಯಾರ ಗುರ್ತ ಉಂಟು?"

ಅಮ್ಮ ಊರಿಗೆ ಹೋದಳು. ಕತ್ತಿ ಮತ್ತೆ ಗೋಡೆಗೆ ಏರಿತು. ಬೂ ಸಾಲಿಂ ವಾರಕ್ಕೊಮ್ಮೆ ನನ್ನನ್ನು ದಿವಾನಿಯಾಕ್ಕೆ ತಪ್ಪದೆ ಕರೆಯುತ್ತಾರೆ. ಹೊಸಬರು ಬಂದು ಕತ್ತಿಯ ಕಡೆ ಕೈ ತೋರಿಸಿದ ಕೂಡಲೇ ಬೂ ಸಾಲಿಂ ಶುರುಮಾಡುತ್ತಾರೆ. ಅದರಲ್ಲಿದ್ದ ಲವಂಗದ ಮೊಗ್ಗುಗಳು ವಾರದಿಂದ ವಾರಕ್ಕೆ ಅರಳುತ್ತಿವೆ. ಈಚೆಗೆ ಮೊಗ್ಗುಗಳ ನಡುವೆ ಮೂರು ಮೂರು ಮರಗಳೂ ಎದ್ದಿವೆ. ಇಡೀ ಜಪಾನಿನಲ್ಲೇ ಅಂಥ ಇನ್ನೊಂದು ಇರಲಿಲ್ಲವಂತೆ. ಕೇಳಿದವರು ಚ್ಚು ಚ್ಚು ಎನ್ನುತ್ತಾರೆ, ಕೆಲವರು ನನ್ನ ಕಡೆ ಕೆಕ್ಕರಿಸಿ ನೋಡುತ್ತಾರೆ. ಅಮ್ಮ ಉಜ್ಜುವ ಭಾಗಕ್ಕೆ ಬಂದಾಗ ನಾನು ತಲೆ ತಗ್ಗಿಸಬೇಕು ಎಂದು ನಮ್ಮಲ್ಲಿ ಮೊದಲೇ ಮಾತಾಗಿದೆ. ಕಳೆದ ವಾರ ಎಲ್ಲರೂ ಹೋದ ಮೇಲೆ ಬೂ ಸಾಲಿಂ ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟರು. "ಸುಧಾಕರ್, ತಲೆ ಇನ್ನೂ ಸ್ವಲ್ಪ ಕೆಳಗೆ ಬರಲಿ" ಎಂದರು. "ಹಯಾಶಿಯ ಕತ್ತಿ ಅದು."